ಕಂದಮೂಲವೂ ಗೇಣಿಯ ಅಕ್ಕಿಯೂ

ನಾನು ಬಟಾಟೆ ತಿಂದವನಲ್ಲ. ಆದರೆ ಇಪ್ಪತ್ತೆಂಟು ವರ್ಷ ಬಟಾಟೆ ಮಾರಿದವನು. ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಇಂದಿಗೂ ನನ್ನ ನಾಲಗೆ ಸ್ವಲ್ಪ ತಡವರಿಸುತ್ತದೆ. ಕಂದಮೂಲ ತ್ಯಾಗದ ವಿಷಯವಾಗಿ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನಾನು ವ್ಯಾಪಾರಿ, ಬಿ.ಕಾಂ. ಓದಿದವನು, ಶಾಸ್ತ್ರವನ್ನು ಅಂಗಡಿಯ ಬಾಗಿಲು ಹಾಕಿದ ಮೇಲೆ ದೀಪದ ಬೆಳಕಿನಲ್ಲಿ ಓದಿದವನು. ಆದಕಾರಣ ಕಣ್ಣಾರೆ ಕಂಡದ್ದನ್ನೂ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಓದಿದ್ದನ್ನೂ ಮಾತ್ರ ಓದುಗರ ಮುಂದಿಡುತ್ತೇನೆ. ಇದಕ್ಕೆ ನಿಮಿತ್ತವಾದದ್ದು 2019ರಲ್ಲಿ ಐರ್ಲೆಂಡ್ ದೇಶದಲ್ಲಿ ಕಳೆದ ಐದು ವಾರಗಳು.

ನನ್ನ ಮಗಳು ಆಗ ಅಲ್ಲಿಯ ಪಶ್ಚಿಮ ಕರಾವಳಿಯ ಗಾಲ್ವೇ ಪಟ್ಟಣದಲ್ಲಿದ್ದಳು. ಜೂನ್ ಕೊನೆಯಲ್ಲಿ ನಾನು ಅಲ್ಲಿಗೆ ಹೋದೆ. ಬಟಾಟೆ ವರ್ಜ್ಯವೆಂದು ಹೇಳುವ ಮನುಷ್ಯನಿಗೆ ಆ ದೇಶಕ್ಕಿಂತ ಕಠಿಣವಾದ ಪರೀಕ್ಷಾಸ್ಥಳ ಇನ್ನೊಂದಿಲ್ಲ. ತರಕಾರಿ ಸೂಪು ಎಂದು ತಂದರೆ ಅದರಲ್ಲಿ ಬಟಾಟೆ, ರೊಟ್ಟಿ ಎಂದು ತಂದರೆ ಅದರ ಹಿಟ್ಟಿನಲ್ಲೂ ಬಟಾಟೆ. ಮಗಳ ನೆರೆಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಮೇಯೋ ಪ್ರಾಂತದ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ ಬೆಳೆದವರು. ನಾನು ಬಂದ ಮೂರನೆಯ ದಿನ ನಮ್ಮ ದೋಸೆಯನ್ನೇ ಹೋಲುವ ಏನನ್ನೋ ತಟ್ಟೆಯಲ್ಲಿಟ್ಟುಕೊಂಡು ಬಂದರು. ಅದು ಬಾಕ್ಸ್ಟಿ. ಹಸಿ ಬಟಾಟೆಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಬೇಯಿಸಿದ ಬಟಾಟೆಯನ್ನೂ ಹಿಟ್ಟನ್ನೂ ಮಜ್ಜಿಗೆಯನ್ನೂ ಸೇರಿಸಿ ಕಾವಲಿಯ ಮೇಲೆ ಸುಟ್ಟದ್ದು. ನಾನು ಕೈಮುಗಿದೆ. ನಮ್ಮ ಧರ್ಮದಲ್ಲಿ ನೆಲದೊಳಗೆ ಬೆಳೆಯುವ ಗೆಡ್ಡೆ ನಿಷಿದ್ಧ ಎಂದು ಮಗಳು ವಿವರಿಸಿದಳು. ಅಜ್ಜಿ ಬೇಸರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಊರಲ್ಲಿ ಅದನ್ನು ಬಿಟ್ಟು ತಿನ್ನಲು ಬೇರೆ ಏನಾದರೂ ಇತ್ತು ಎಂದಾಯಿತು" ಎಂದರು. ನನಗೆ ಆ ಮಾತು ಆಗ ಪೂರ್ತಿ ಹತ್ತಲಿಲ್ಲ.

ಮುಂದಿನ ವಾರಗಳಲ್ಲಿ ಅವರು ತಮ್ಮ ಬಾಲ್ಯದ ಮನೆಯ ಸಂಗತಿಗಳನ್ನು ಎಷ್ಟೋ ಹೇಳಿದರು. ನನಗೂ ಕೇಳುವ ಚಟ. ಮಾರ್ಚ್ ತಿಂಗಳಲ್ಲಿ, ಅವರ ಸಂತ ಪ್ಯಾಟ್ರಿಕನ ಹಬ್ಬದ ಸುಮಾರಿಗೆ, ನೆಡುವ ಕೆಲಸ ಆರಂಭ. ಹೆಂಗಸರು ಬೀಜದ ಬಟಾಟೆಯನ್ನು ಒಂದೊಂದು ತುಂಡಿಗೆ ಒಂದಾದರೂ ಕಣ್ಣು ಬರುವಂತೆ ಕತ್ತರಿಸಿ ಕೊಡುವರು. ಗಂಡಸರು 'ಲಾಯ್' ಎಂಬ ಕಿರಿದಾದ ಅಲಗಿನ, ಒಂದೇ ಕಡೆ ಕಾಲಿಟ್ಟು ತುಳಿಯುವ ಗುದ್ದಲಿಯಿಂದ ಏರುಮಡಿ ಮಾಡುವರು. ಹುಲ್ಲುನೆಲವನ್ನು ಅಗೆಯದೆ ಅದರ ಮೇಲೆಯೇ ಕಡಲಿನ ಪಾಚಿಯನ್ನೋ ಗೊಬ್ಬರವನ್ನೋ ಹರಡಿ, ಬೀಜವಿಟ್ಟು, ಎರಡೂ ಬದಿಯ ಹುಲ್ಲುಹೆಂಟೆಯನ್ನು ಮಗುಚಿ ಮೇಲೆ ಮುಚ್ಚುವುದು. ಬದಿಯಲ್ಲಿ ಉಳಿದ ಚರಂಡಿಯಲ್ಲಿ ಮಳೆನೀರು ಹರಿದುಹೋಗುವುದು. ಅಡಿಯ ನೆಲವನ್ನು ಅಗೆಯುವುದಿಲ್ಲವೆಂಬ ಕಾರಣಕ್ಕೆ ಇಂಗ್ಲಿಷರು ಇದಕ್ಕೆ ಸೋಮಾರಿಯ ಮಡಿ ಎಂಬರ್ಥದ ಹೆಸರಿಟ್ಟರು. ಒದ್ದೆ ಪಾಚಿಯನ್ನು ಬುಟ್ಟಿಯಲ್ಲಿ ಹೊತ್ತು ಗುಡ್ಡ ಹತ್ತಿದವನನ್ನು ಸೋಮಾರಿಯೆನ್ನಲು ಕುದುರೆಯ ಮೇಲೆ ಕುಳಿತವನಿಗೆ ಮಾತ್ರ ಸಾಧ್ಯ.

ಮನೆಯಲ್ಲಿ ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ಸಿಪ್ಪೆಸಹಿತ ಬೇಯಿಸಿ, ಬೆತ್ತದಂಥ ಬಳ್ಳಿಯ ಚಪ್ಪಟೆ ಬುಟ್ಟಿಗೆ ಬಸಿದು, ಆ ಬುಟ್ಟಿಯನ್ನು ಹಂಡೆಯ ಬಾಯಿಯ ಮೇಲೆಯೇ ಇಟ್ಟು ಎಲ್ಲರೂ ಸುತ್ತ ಕುಳಿತು ತಿನ್ನುವರು. ಉಪ್ಪುನೀರಿಗೆ ಅದ್ದಿ, ಮಜ್ಜಿಗೆ ಕುಡಿದರೆ ಊಟ ಮುಗಿಯಿತು. ಸಿಪ್ಪೆ ಕೋಳಿಗೂ ಹಂದಿಗೂ. ಬಾಕ್ಸ್ಟಿಗೆಂದು ಹಿಂಡಿದ ನೀರಿನ ತಳದಲ್ಲಿ ನಿಂತ ಬಿಳಿ ಗಸಿಯನ್ನು ಒಣಗಿಸಿ ಅಂಗಿಯ ಕಾಲರಿಗೆ ಗಂಜಿ ಹಾಕುವರು. ನಮ್ಮಲ್ಲಿ ಅಕ್ಕಿಯ ತೆಳಿಯಿಂದ ಮುಂಡಿಗೆ ಖಡಕ್ಕು ತರುತ್ತಿದ್ದ ಹಾಗೆ, ಕೂವೆಯ ಗೆಡ್ಡೆಯನ್ನು ಅರೆದು ಗಸಿ ತೆಗೆಯುತ್ತಿದ್ದ ಹಾಗೆ. ಚಳಿಗಾಲಕ್ಕೆ ಹೊಲದಲ್ಲೇ ರಾಶಿ ಹಾಕಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಬಡಿದು ಕಾಪಾಡುವರು. ಇದನ್ನೆಲ್ಲ ಕೇಳುವಾಗ ನಮ್ಮ ಅಟ್ಟದ ಜಂತಿಗೆ ತೆಂಗಿನ ಮಡಲಿನಿಂದ ಹೆಣೆದು ತೂಗಹಾಕುತ್ತಿದ್ದ ಸೌತೆಕಾಯಿಯ ಸಾಲು, ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ತೊಳೆ ಕಣ್ಣಿಗೆ ಕಟ್ಟುತ್ತಿತ್ತು. ಮಳೆ ಹೆಚ್ಚಾದ ದೇಶಗಳ ಗೃಹಿಣಿಯರ ಚಿಂತೆ ಎಲ್ಲೆಡೆ ಒಂದೇ.

ಜುಲೈ ತಿಂಗಳಿಗೆ ಅವರ ಹಳ್ಳಿಯಲ್ಲಿ 'ಹಸಿವಿನ ಜುಲೈ' ಎಂಬ ಹೆಸರಿತ್ತಂತೆ. ಹಳೆಯ ಬಟಾಟೆ ಮುಗಿದಿದೆ, ಹೊಸದು ಇನ್ನೂ ಗೆಡ್ಡೆ ಕಟ್ಟಿಲ್ಲ. ಕೋಸಿನ ಎಲೆ ಬೇಯಿಸಿ ತಿಂದು ದಿನ ನೂಕಬೇಕು. ಜುಲೈ ಕೊನೆಯ ಭಾನುವಾರ ಮೊದಲ ಬಟಾಟೆ ಅಗೆಯುವ ಹಬ್ಬ. ಅದಕ್ಕೆ ಮುಂಚೆ ಅಗೆದರೆ ಒಳ್ಳೆಯ ಒಕ್ಕಲಿಗನಲ್ಲ. "ನಮ್ಮಲ್ಲೂ ಇದೇ ತಿಂಗಳು" ಎಂದು ನಾನು ಥಟ್ಟನೆ ಅಂದೆ. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು ಆಟಿ. ಆಟಿ ಎಂದರೇನೆಂದು ಈ ಪತ್ರಿಕೆಯ ಕರಾವಳಿಯ ಓದುಗರಿಗೆ ಹೇಳಬೇಕಾಗಿಲ್ಲ.

ಒಂದು ದಿನ ಮಗಳು ಕಾರಿನಲ್ಲಿ ಕಿಲರಿ ಎಂಬ ಕಡಲತೋಳಿನ ದಡಕ್ಕೆ ಕರೆದೊಯ್ದಳು. ಎದುರಿನ ಗುಡ್ಡದ ಇಳಿಜಾರಿನಲ್ಲಿ ಬಾಚಣಿಗೆಯಿಂದ ಎಳೆದಂತೆ ಉದ್ದುದ್ದ ಗೆರೆಗಳು. ಹುಲ್ಲು ಬೆಳೆದಿದೆ, ಕುರಿಗಳು ಮೇಯುತ್ತಿವೆ, ಮನೆಯಿಲ್ಲ, ಜನವಿಲ್ಲ. ಅವು ಹಳೆಯ ಬಟಾಟೆಯ ಏರುಮಡಿಗಳು. 1845ರ ಶರತ್ಕಾಲದಲ್ಲಿ ಎಲೆಯ ಮೇಲೆ ಕಪ್ಪು ಮಚ್ಚೆಯಾಗಿ ಕಾಣಿಸಿಕೊಂಡ ರೋಗ ಮರುವರ್ಷ ಬಹುತೇಕ ಇಡೀ ಬೆಳೆಯನ್ನು ತಿಂದುಹಾಕಿತು. 1841ರ ಜನಗಣತಿಯಲ್ಲಿ ಆ ದ್ವೀಪದಲ್ಲಿ ಸುಮಾರು 82 ಲಕ್ಷ ಜನ; 1851ರಲ್ಲಿ ಸುಮಾರು 65 ಲಕ್ಷ. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅಷ್ಟೇ ಜನ, ಅಥವಾ ಅದಕ್ಕೂ ಹೆಚ್ಚು, ಹಡಗು ಹತ್ತಿದರು.

ಇದರಲ್ಲಿ ನನ್ನ ಮನಸ್ಸಿಗೆ ಚುಚ್ಚಿದ್ದು ರೋಗದ ವಿಚಾರವಲ್ಲ, ಗೇಣಿಯ ವಿಚಾರ. ಆ ದೇಶದಲ್ಲಿ ಓಟ್ಸ್ ಧಾನ್ಯ ಬೆಳೆಯುತ್ತಿತ್ತು, ಗೋಧಿ ಬೆಳೆಯುತ್ತಿತ್ತು, ಬೆಣ್ಣೆ ಆಗುತ್ತಿತ್ತು. ಧಾನ್ಯವನ್ನೂ ಹಂದಿಯನ್ನೂ ಮಾರಿ ಒಕ್ಕಲು ಗೇಣಿ ಕೊಡುವನು. ಉಳಿದ ತುಂಡು ಜಾಗದಲ್ಲಿ ಬಟಾಟೆ ಬೆಳೆದು ಹೊಟ್ಟೆ ಹೊರೆಯುವನು. ದುಡಿಯುವ ಗಂಡಸೊಬ್ಬ ದಿನಕ್ಕೆ ಐದು ಕಿಲೋ ತಿನ್ನುತ್ತಿದ್ದನೆಂದರೆ ಅದು ಬಟಾಟೆಯ ಮೇಲಿನ ಮೋಹದಿಂದಲ್ಲ. ಬಟಾಟೆ ಸತ್ತಾಗಲೂ ಗೇಣಿ ಸಾಯಲಿಲ್ಲ. ಜನ ಉಪವಾಸ ಬಿದ್ದಿದ್ದಾಗ ಧಾನ್ಯದ ಗಾಡಿಗಳು ಸಿಪಾಯಿಗಳ ಕಾವಲಿನಲ್ಲಿ ಬಂದರಿಗೆ ಹೋದವು. ಆ ಬರಗಾಲಕ್ಕೆ ನಮ್ಮ ಕಲ್ಕತ್ತೆಯಲ್ಲಿ ಚಂದಾ ಎತ್ತಿ ಸುಮಾರು 14,000 ಪೌಂಡು ಕಳುಹಿಸಿದರೆಂದು ಓದಿ ಸಂತೋಷಪಟ್ಟೆ; ಅಷ್ಟರಲ್ಲೇ ಮಿಜಾರಿನ ನಮ್ಮ ಮನೆಯ ಪತ್ತಾಯದ ನೆನಪಾಗಿ ಸಂತೋಷ ಅರ್ಧಕ್ಕೇ ನಿಂತಿತು.

ಮಿಜಾರು ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಈಗ ಅಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಅಡಿಕೆಯಿದೆ, ರಬ್ಬರಿದೆ. ನಾನು ಹುಟ್ಟಿದ 1959ರಲ್ಲಿ ಬೈಲಿನಿಂದ ಬೆಟ್ಟಿನವರೆಗೆ ಭತ್ತವೇ ಕಾಣುತ್ತಿತ್ತು. ನಮ್ಮದು ಅಳಿಯಕಟ್ಟಿನ ಜೈನ ಗುತ್ತಿನ ಮನೆ. ಯಜಮಾನರು ನನ್ನ ಸೋದರಮಾವ. ನಿತ್ಯವೂ ಜಿನದರ್ಶನ, ಸೂರ್ಯಾಸ್ತದ ಮುಂಚೆ ಊಟ, ಸೋಸಿದ ನೀರು. ನೀರುಳ್ಳಿ, ಬೆಳ್ಳುಳ್ಳಿ, ಕೇನೆ, ಗೆಣಸು, ಬಟಾಟೆ ಯಾವುದೂ ಹೊಸಿಲು ದಾಟುತ್ತಿರಲಿಲ್ಲ. ಬಟಾಟೆಯ ಪಲ್ಯದ ಜಾಗದಲ್ಲಿ ಬಾಳೆಕಾಯಿ, ಪೋಡಿಗೆ ಜೀಗುಜ್ಜೆ, ಸಾರಿಗೆ ಹಲಸಿನ ಬೀಜ. ಇವುಗಳ ರುಚಿ ಬಲ್ಲವನಿಗೆ ಕಂದಮೂಲ ಬಿಡುವುದು ತ್ಯಾಗವೇ ಅಲ್ಲ. ಇದನ್ನು ನಾನು ಹೆಮ್ಮೆಯಿಂದಲ್ಲ, ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಒಕ್ಕಲುಗಳು ಚಾಲಗೇಣಿಯವರು. ಏಣೆಲು ಬೆಳೆಯ ಕೊಯ್ಲಾದ ಮೇಲೆ ಅಕ್ಕಿಯ ಮುಡಿಗಳು ತಲೆಹೊರೆಯಲ್ಲಿ ನಮ್ಮ ಅಂಗಳಕ್ಕೆ ಬರುವುವು. ಬಿಳಿಹುಲ್ಲಿನಿಂದ ಬಿಗಿದು ಕಟ್ಟಿದ ಆ ಮುಡಿಗಳ ಚೆಲುವನ್ನು ನಾನು ಇಂದಿಗೂ ಮರೆತಿಲ್ಲ. ಅವು ಹೊರಟು ಬಂದ ಮನೆಯಲ್ಲಿ ಏನು ಉಳಿಯಿತೆಂದು ಎಂಟು ವರ್ಷದ ಹುಡುಗ ಕೇಳುವುದುಂಟೆ?

1967ರ ಆಟಿಯಲ್ಲಿ ಒಂದು ದಿನ ಶಾಲೆಯಿಂದ ಬರುವಾಗ ತೋಡು ಉಕ್ಕಿ ಹರಿಯುತ್ತಿತ್ತು. ದಾಟಲಾಗದೆ ನಮ್ಮ ಒಕ್ಕಲೊಂದರ ಮನೆಯ ಜಗಲಿಯಲ್ಲಿ ನಿಂತೆ. ಒಳಗೆ ಒಲೆಯ ಸುತ್ತ ಮಕ್ಕಳು ಕುಳಿತಿದ್ದರು. ಆ ಮನೆಯ ಅಜ್ಜಿ, "ಒಳಗೆ ಬನ್ನಿ ಸಣ್ಣ ಧಣಿ, ಚಳಿಗೆ ನಡುಗುತ್ತಿದ್ದೀರಿ" ಎಂದು ಕರೆದು ಬಾಳೆಲೆಯ ಚೂರಿನಲ್ಲಿ ಬಿಸಿಯಾದ ಏನನ್ನೋ ಇಟ್ಟರು. ಬೇಯಿಸಿದ ಮರಗೆಣಸು, ಪಕ್ಕದಲ್ಲಿ ಉಪ್ಪು ಸೇರಿಸಿ ನುರಿದ ಗಾಂಧಾರಿ ಮೆಣಸು. ನಾನು ತಿಂದೆ. ಹಸಿವೆಯಿತ್ತು, ರುಚಿಯೂ ಇತ್ತು. "ಅನ್ನ ಮಾಡಲಿಲ್ಲವೇ?" ಎಂದು ಕೇಳಿದೆ. ಅಜ್ಜಿ ನಕ್ಕು ತುಳುವಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: "ಅಕ್ಕಿ ನಿಮ್ಮ ಪತ್ತಾಯದಲ್ಲಿದೆ ಮಗಾ. ಆಟಿಯಲ್ಲಿ ನಮಗೆ ಮಣ್ಣಿನಡಿಯದ್ದೇ ಅಕ್ಕಿ." ಅದರಲ್ಲಿ ಕಹಿಯಿರಲಿಲ್ಲ. ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದರು.

ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳುವ ಧೈರ್ಯವಿರಲಿಲ್ಲ. ಅವರು ಗದರಲಿಲ್ಲ. ಆ ಸಂಜೆಯ ಊಟ ಬಿಡಿಸಿ ಬಸದಿಗೆ ಕರೆದುಕೊಂಡು ಹೋಗಿ ಣಮೋಕಾರ ಹೇಳಿಸಿದರು. ಹಿಂದಿರುಗುವಾಗ ದಾರಿಯಲ್ಲಿ, "ಒಲೆಯ ಹತ್ತಿರ ಎಷ್ಟು ಮಂದಿ ಇದ್ದರು?" ಎಂದು ಕೇಳಿದರು. ಏಳು ಎಂದೆ. "ಹಾಗಾದರೆ ನೀನು ತಿಂದದ್ದು ಆ ಏಳರಲ್ಲಿ ಯಾರದೋ ಪಾಲು." ಮರುದಿನ ಬೆಳಿಗ್ಗೆ ಒಂದು ಸೇರು ಅಕ್ಕಿಯನ್ನು ಕೆಲಸದವಳ ಕೈಯಲ್ಲಿ ಆ ಮನೆಗೆ ಕಳುಹಿಸಿದರು. ನನ್ನ ಮಟ್ಟಿಗೆ ಪ್ರಾಯಶ್ಚಿತ್ತ ಅಲ್ಲಿಗೆ ಮುಗಿದಿತ್ತು.

ಮುಂದೆ ಕಾಲೇಜಿನ ದಿನಗಳಲ್ಲಿ ಮೂಡುಬಿದಿರೆಯಲ್ಲಿ ಹಿರಿಯ ಶಾಸ್ತ್ರಿಗಳೊಬ್ಬರ ಬಳಿ ಕುಳಿತು ಕೆಲವು ಗ್ರಂಥಗಳನ್ನು ಓದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಮೂಲಂಗಿ, ಹಸಿ ಶುಂಠಿಗಳಂಥವು ಫಲ ಅಲ್ಪ, ಘಾತ ಬಹಳ ಎಂಬ ಲೆಕ್ಕದಿಂದ ಬಿಡತಕ್ಕವು ಎನ್ನುತ್ತಾರೆ. ಅದು ವ್ಯಾಪಾರಿಯ ಬುದ್ಧಿಗೆ ಕೂಡಲೇ ಹಿಡಿಸುವ ತರ್ಕ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಲಕ್ಷಣವನ್ನೇ ಕೊಡುತ್ತಾರೆ: ನರಗಳೂ ಗಿಣ್ಣುಗಳೂ ಹೊರಗೆ ಕಾಣದ್ದು, ಮುರಿದರೆ ಸಮವಾಗಿ ಮುರಿಯುವಂಥದ್ದು, ಕತ್ತರಿಸಿದರೂ ಮತ್ತೆ ಮೊಳೆಯುವಂಥದ್ದು, ಅಂಥ ಒಂದು ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುತ್ತವೆ. ಹತ್ತನೆಯ ಶತಮಾನದ ಆ ಆಚಾರ್ಯರು ಬಟಾಟೆ ಕಂಡವರಲ್ಲ. ಅದು ಆಗ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿತ್ತು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಘಟ್ಟದ ಮೇಲಿನವರು ಆಲೂಗಡ್ಡೆ ಎಂದರೆ ನಾವು ಬಟಾಟೆ ಎನ್ನುವುದು ಆ ಪರಂಗಿಗಳ ಮಾತಿನ ಋಣ. ಆದರೂ ಕತ್ತರಿಸಿದರೆ ಮೊಳೆಯುವುದು ಎಂಬ ಲಕ್ಷಣ ಬಟಾಟೆಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಐರ್ಲೆಂಡಿನ ಬಡವರು ಬೆಳೆಯುತ್ತಿದ್ದ ತಳಿ ಮುಖ್ಯವಾಗಿ 'ಲಂಪರ್' ಎಂಬ ಒಂದೇ ಒಂದು. ಕೆಟ್ಟ ನೆಲದಲ್ಲೂ ಹೆಚ್ಚು ಇಳುವರಿ ಕೊಡುವುದು, ರುಚಿ ಅಷ್ಟಕ್ಕಷ್ಟೆ. ಬೀಜದಿಂದಲ್ಲ, ತುಂಡಿನಿಂದ ಬೆಳೆದದ್ದಾದ್ದರಿಂದ ಲಕ್ಷಾಂತರ ಹೊಲಗಳಲ್ಲಿದ್ದದ್ದು ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಗಿಡದ ತುಂಡುಗಳು. ಆದುದರಿಂದಲೇ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂತು. ನಮ್ಮ ಆಗಮದಲ್ಲಿ ಆಧುನಿಕ ವಿಜ್ಞಾನವೆಲ್ಲ ಮೊದಲೇ ಇತ್ತು ಎಂದು ಸಭೆಗಳಲ್ಲಿ ಘೋಷಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಅವರು ಹೇಳುವುದು ಬೇರೆ, ಇದು ಬೇರೆ. ಕತ್ತಿಯ ಬಾಯಿಗೆ ಸಿಕ್ಕರೂ ಸಾಯದ ಗೆಡ್ಡೆಯನ್ನು ಕಂಡು ಇಬ್ಬರೂ ಬೆರಗಾಗಿ ನಿಂತರು ಎಂಬಷ್ಟೇ ನನಗೆ ಸಾಕು.

1974ರಲ್ಲಿ ಭೂಸುಧಾರಣೆ ಜಾರಿಗೆ ಬಂತು. ಒಕ್ಕಲುಗಳು ಡಿಕ್ಲರೇಶನ್ ಹಾಕಿದರು. ನಮ್ಮ ಜಮೀನಿನ ಬಹುಪಾಲು ಹೋಯಿತು. ಮಾವನವರು ನ್ಯಾಯಮಂಡಳಿಯ ಮುಂದೆ ಒಂದೂ ಸುಳ್ಳು ಸಾಕ್ಷ್ಯ ಹೇಳಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಅಂಥವರು ಕಡಮೆ. ಆದರೆ ಆಮೇಲೆ ಅವರು ಬಹಳ ಮಾತಾಡಲಿಲ್ಲ. ನಾನು ಬಿ.ಕಾಂ. ಮುಗಿಸಿ 1981ರಲ್ಲಿ ಮೂಡುಬಿದಿರೆ ಪೇಟೆಯಲ್ಲಿ ಜಿನಸಿನ ಅಂಗಡಿ ತೆರೆದೆ. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ನೀರುಳ್ಳಿ, ಬಟಾಟೆ ಇಡಲಿಲ್ಲ. ಗಿರಾಕಿ ಅರ್ಧ ಸಾಮಾನು ನನ್ನಲ್ಲಿ ತೆಗೆದುಕೊಂಡು ಉಳಿದರ್ಧಕ್ಕೆ ಪಕ್ಕದ ಅಂಗಡಿಗೆ ಹೋಗುವನು; ಆರು ತಿಂಗಳಲ್ಲಿ ಪೂರ್ತಿ ಸಾಮಾನಿಗೂ ಅಲ್ಲಿಗೇ ಹೋಗುವನು. 1987ರಲ್ಲಿ ಹಾಸನದಿಂದ ಮೊದಲ ಹತ್ತು ಚೀಲ ಬಟಾಟೆ ತರಿಸಿದೆ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಖರಕರ್ಮಗಳ ಪಟ್ಟಿಯಲ್ಲಿ ದಂತದ ವ್ಯಾಪಾರವಿದೆ, ಅರಗಿನದಿದೆ, ವಿಷದ್ದಿದೆ, ಕಂದಮೂಲದ್ದು ಹೆಸರು ಹಿಡಿದು ಹೇಳಿಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮಾವನವರು ಕೆಲವೊಮ್ಮೆ ಅಂಗಡಿಗೆ ಬಂದು ಕುಳಿತಿರುತ್ತಿದ್ದರು. ಯಾರಾದರೂ ಬಟಾಟೆ ಕೇಳಿದರೆ ಮುಖವನ್ನು ರಸ್ತೆಯ ಕಡೆಗೆ ತಿರುಗಿಸುವರು. ಒಂದು ಮಾತೂ ಆಡುತ್ತಿರಲಿಲ್ಲ. ತಕ್ಕಡಿಯಿಂದ ಚೀಲಕ್ಕೆ ಸುರಿದ ಸದ್ದು ನಿಂತ ಮೇಲೆ ಮತ್ತೆ ಈ ಕಡೆಗೆ ನೋಡುವರು.

ಅವರು 1994ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಮನೆಯ ಅಟ್ಟ ಇಳಿಸುವಾಗ ಗೇಣಿಯ ಪುಸ್ತಕಗಳು ಸಿಕ್ಕಿದವು. ಕೆಂಪು ಬಟ್ಟೆಯ ರಟ್ಟು, ಮಾವನವರ ಮುತ್ತಿನಂಥ ಅಕ್ಷರ. ಲೆಕ್ಕ ಓದುವುದು ನನ್ನ ವಿದ್ಯೆಯಾದ್ದರಿಂದ ಸುಮ್ಮನೆ ಪುಟ ತಿರುವುತ್ತ ಹೋದೆ. ಗೇಣಿಗಿಂತ ದಪ್ಪವಾಗಿದ್ದದ್ದು ಕಡದ ಲೆಕ್ಕ. ಆಟಿಯಲ್ಲಿ ಒಕ್ಕಲುಗಳಿಗೆ ಕೊಟ್ಟ ಅಕ್ಕಿ, ಏಣೆಲು ಕೊಯ್ಲಿನಲ್ಲಿ ಅದಕ್ಕೆ ಕಾಲುಪಾಲು ಪೊಲಿ ಸೇರಿಸಿ ವಸೂಲು. ಪೊಲಿ ಎಂದರೆ ತುಳುವಿನಲ್ಲಿ ಬಡ್ಡಿಯೂ ಹೌದು, ಸಮೃದ್ಧಿಯೂ ಹೌದು; ಕಣದಲ್ಲಿ ಪೊಲಿ ಪೊಲಿ ಎಂದು ಹಾರೈಸುವುದೂ ಅದೇ ಶಬ್ದದಿಂದ. 1967ರ ಪುಟದಲ್ಲಿ ಆ ಅಜ್ಜಿಯ ಮನೆಯ ಹೆಸರು. ಆಟಿ ತಿಂಗಳು, ಅಕ್ಕಿ ಸೇರು 1, ಕಡ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಪೊಲಿ ಸಹಿತ ಸೇರು 1¼ ಸಂದಿದೆ.

ನನ್ನ ತಾಯಿ ಕೊಟ್ಟ ಅಕ್ಕಿ. ಮನೆಯಿಂದ ಹೊರಗೆ ಹೋದ ಯಾವ ಅಕ್ಕಿಯೂ ಬರೆಯದೆ ಹೋಗಬಾರದೆಂಬುದು ಮಾವನವರ ಶಿಸ್ತು. ಕೆಟ್ಟ ಮನಸ್ಸಿನಿಂದ ಬರೆದದ್ದೆಂದು ನಾನು ನಂಬುವುದಿಲ್ಲ. ಕೆಲಸದವಳು ಅಳೆದು ಕೊಂಡುಹೋದಳು, ಅವರು ಕಂಡರು, ಬರೆದರು. ಆ ಮನೆಯವರು ಏನೂ ಹೇಳದೆ ಕೊಟ್ಟರು. ಧಣಿಯ ಮಗು ತಿಂದ ಮರಗೆಣಸಿಗೆ ಬಂದ ಅಕ್ಕಿಯೆಂದು ಅವರು ತಿಳಿದಿದ್ದರೋ, ಕಡವೆಂದೇ ತಿಳಿದಿದ್ದರೋ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಅತಿಚಾರಗಳನ್ನು ಐದೆಂದು ಎಣಿಸುತ್ತಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಹೊರಲಾರದಷ್ಟು ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಪರ್ಯುಷಣದ ದಿನಗಳಲ್ಲಿ ಇದನ್ನು ನಾನು ಎಷ್ಟೋ ಸಲ ಪಾರಾಯಣ ಮಾಡಿದ್ದೆ. ಎತ್ತು ಕೋಣಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದಕ್ಕೆ ಅರ್ಥ ಹೇಳುವುದು ರೂಢಿ. ನಾನೂ ಹಾಗೆಯೇ ತಿಳಿದಿದ್ದೆ. ಆ ದಿನ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಾಗ ಕೊನೆಯ ಎರಡು ಅತಿಚಾರಗಳು ಬೇರೆ ರೀತಿ ಕೇಳಿಸಿದವು. ಗೆಡ್ಡೆಯೊಳಗಿನ ಅನಂತ ಜೀವಗಳಿಗಾಗಿ ನಾವು ಮರಗೆಣಸನ್ನು ಬಿಟ್ಟೆವು. ನಾವು ಉಂಡ ಅಕ್ಕಿ ಯಾರನ್ನು ಮರಗೆಣಸಿಗೆ ತಳ್ಳಿತು ಎಂದು ನೋಡಲಿಲ್ಲ. ಪಾಪವೆಂದು ನಾವು ಬಿಟ್ಟದ್ದನ್ನು ಅವರು ತಿನ್ನಬೇಕಾದದ್ದು ನಮ್ಮ ಪತ್ತಾಯ ತುಂಬಿದ್ದರಿಂದ. ಆ ಹಿಂಸೆಯನ್ನು ಯಾರ ಹೆಸರಿಗೆ ಬರೆಯಬೇಕು? ವ್ರತ ಸುಳ್ಳೆಂದು ನಾನು ಹೇಳುತ್ತಿಲ್ಲ. ನಾನು ಈಗಲೂ ಅದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಲೆಕ್ಕದಲ್ಲಿ ಒಂದು ಕಡೆಯ ಪುಟ ಮಾತ್ರ ಬರೆದಿತ್ತು ಎನ್ನುತ್ತಿದ್ದೇನೆ. ತಾಯಿಗೆ ಆ ಪುಟ ತೋರಿಸಿದೆ. ಕನ್ನಡಕ ತರಿಸಿ ಓದಿದರು. "ನಾನು ಕೊಟ್ಟದ್ದು" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು.

ಹಾಸನದ ಕಡೆಯ ವ್ಯವಹಾರ ಬೆಳೆದಿತ್ತು. ನಮ್ಮ ಕರಾವಳಿಯ ಸೆಕೆಗೆ ಬಟಾಟೆ ಗೆಡ್ಡೆ ಕಟ್ಟುವುದಿಲ್ಲ. ಅದಕ್ಕೆ ತಂಪಾದ ರಾತ್ರಿ ಬೇಕು. ಹಾಸನದವರು ಮುಂಗಾರಿನಲ್ಲೇ ಬೆಳೆಯುತ್ತಾರೆ. ಪಂಜಾಬಿನ ಜಾಲಂಧರದಿಂದ ಬಂದು ಶೀತಗೃಹದಲ್ಲಿಟ್ಟ ಬಿತ್ತನೆ ಬಟಾಟೆಯನ್ನು ಮೇ ತಿಂಗಳಲ್ಲಿ ಸಾಲ ಮಾಡಿ ಕೊಂಡು, ಹೋಳು ಮಾಡಿ, ಮೊದಲ ಮಳೆಗೆ ನೆಡುವರು. ಮೂರು ತಿಂಗಳಿಗೆ ಬೆಳೆ. ಹೆಚ್ಚಾಗಿ ಕುಫ್ರಿ ಜ್ಯೋತಿ ಎಂಬ ತಳಿ. ಅರಕಲಗೂಡು ಕಡೆಯ ಒಬ್ಬ ರೈತನಿಗೆ ನಾನು ವರ್ಷವರ್ಷವೂ ಮುಂಗಡ ಕೊಟ್ಟು ಅವನ ಬೆಳೆ ತರಿಸುತ್ತಿದ್ದೆ. 2008ರಲ್ಲಿ ನಲವತ್ತು ಸಾವಿರ ಕೊಟ್ಟಿದ್ದೆ. ಜುಲೈಯಲ್ಲಿ ಫೋನು ಮಾಡಿ, ಒಮ್ಮೆ ಬಂದು ನೋಡಿ ಎಂದ. ಶಿರಾಡಿ ಘಾಟಿ ಹತ್ತಿ ಹೋದೆ. ಹೊಲದ ಅಂಚಿನಲ್ಲೇ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಎಲೆಯೆಲ್ಲ ಬಿಸಿನೀರು ಹೊಯ್ದಂತೆ ಕಪ್ಪಾಗಿ ಜೋತುಬಿದ್ದಿತ್ತು. ಅಂಗಮಾರಿ ಎಂದ. ಐದು ದಿನದ ಹಿಂದೆ ಹಸಿರಾಗಿತ್ತಂತೆ. ಮೋಡ ಕವಿದು ತಂಪಾಗಿ ಸೋನೆ ಹಿಡಿದರೆ ಅದು 1845ರ ಐರ್ಲೆಂಡಿನಲ್ಲಿ ಹರಡಿದ ಹಾಗೆಯೇ ಹರಡುತ್ತದೆ, ಏಕೆಂದರೆ ಅದು ಅದೇ ರೋಗ. ಆಗ ನನಗೆ ಇದು ತಿಳಿದಿರಲಿಲ್ಲ. ಒಂದು ಗಿಡ ಕಿತ್ತು ತೋರಿಸಿದ. ಗೋಲಿಯ ಗಾತ್ರದ ನಾಲ್ಕು ಗೆಡ್ಡೆ. ನನ್ನ ಮುಂಗಡದ ಮಾತನ್ನು ಅವನೇ ಎತ್ತಿದ: "ಸ್ವಾಮಿ, ಮುಂದಿನ ವರ್ಷ ತೀರಿಸ್ತೀನಿ, ಬಡ್ಡಿ ಹಾಕ್ಕೊಳ್ಳಿ."

ರಾತ್ರಿ ಮನೆಗೆ ಬಂದು ತಾಯಿಗೆ ಹೇಳಿದೆ. ಅವರಿಗೆ ಆಗ ಎಂಬತ್ತರ ಸಮೀಪ. ಬಟಾಟೆಯ ವ್ಯಾಪಾರದ ಬಗ್ಗೆ ಅಂದಿನವರೆಗೆ ಅವರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿದವರಲ್ಲ. "ಕೆಂಪು ರಟ್ಟಿನ ಪುಸ್ತಕ ಒಂದು ಸಾಲದೇ? ಇನ್ನೊಂದು ಯಾಕೆ ಬರೆಯುತ್ತಿ?" ಎಂದರು.

ಓದುಗರು ನಾನು ಇಡೀ ಹಣ ಬಿಟ್ಟೆನೆಂದು ತಿಳಿಯಬಾರದು. ಇಪ್ಪತ್ತು ಸಾವಿರ ಬಿಟ್ಟೆ, ಬಡ್ಡಿ ಬಿಟ್ಟೆ. ಉಳಿದ ಇಪ್ಪತ್ತು ಸಾವಿರವನ್ನು ಎರಡು ವರ್ಷದ ಬೆಳೆಯಲ್ಲಿ ಮುರಿದುಕೊಂಡೆ. ಆಗ ನನ್ನ ಅಂಗಡಿಯೂ ಸಾಲದಲ್ಲಿತ್ತು. ಅದು ನೆಪವೂ ಹೌದು, ನಿಜವೂ ಹೌದು. ತಾಯಿಗೆ ಎಲ್ಲವನ್ನೂ ಬಿಟ್ಟೆನೆಂಬ ಭಾವನೆ ಬರುವಂತೆ ಮಾತಾಡಿದೆ. ಅವರು ತೀರಿಹೋಗುವವರೆಗೂ ಹಾಗೆಯೇ ನಂಬಿದ್ದರು. ಮೂರನೆಯ ವರ್ಷದಿಂದ ಆ ರೈತ ಬಟಾಟೆ ಬಿಟ್ಟು ಮುಸುಕಿನ ಜೋಳ ಹಾಕಿದ.

2015ರಲ್ಲಿ ಅಂಗಡಿಯನ್ನು ಮಗನಿಗೆ ಒಪ್ಪಿಸಿದೆ. ಬಟಾಟೆಯ ಚೀಲ ಈಗ ಬಾಗಿಲಲ್ಲೇ ಇರುತ್ತದೆ.

ಐರ್ಲೆಂಡಿನಿಂದ ಬಂದ ಮೇಲೆ ಆ ರೋಗದ ಬಗ್ಗೆ ಹುಡುಕಿ ಓದುವಾಗ ಇನ್ನೊಂದು ಸಂಗತಿ ತಿಳಿಯಿತು. ಬಟಾಟೆಯನ್ನು ಕೊಲ್ಲುವ ಶಿಲೀಂಧ್ರದಂಥ ಆ ಸೂಕ್ಷ್ಮಜೀವಿಯ ಕುಲನಾಮ ಫೈಟಾಫ್ಥೊರ. ಗಿಡವನ್ನು ನಾಶ ಮಾಡುವಂಥದ್ದು ಎಂದು ಗ್ರೀಕಿನಲ್ಲಿ ಅರ್ಥ. ನಮ್ಮ ಅಡಿಕೆಗೆ ಬರುವ ಕೊಳೆರೋಗವೂ ಅದೇ ಕುಲದ್ದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಅದನ್ನು ಅಧ್ಯಯನ ಮಾಡಿದ್ದರು. ಮದ್ದೂ ಒಂದೇ: ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ. ಐರ್ಲೆಂಡಿನ ಜನ ಸಾಯುವಾಗ ಅದು ಇನ್ನೂ ಕಂಡುಹಿಡಿದಿರಲಿಲ್ಲ. ನಾಲ್ಕು ದಶಕದ ಮೇಲೆ ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಸಿಕ್ಕಿತು. ಈಗ ತುಳುನಾಡಿನಲ್ಲಿ ಆಟಿ ಎಂದರೆ ಹಸಿವೆಯ ತಿಂಗಳಲ್ಲ, ಅಡಿಕೆಗೆ ಮದ್ದು ಬಿಡುವ ತಿಂಗಳು.

2024ರ ಆಟಿಯಲ್ಲಿ ಆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮಿಜಾರಿಗೆ ಹೋದೆ. ಅಜ್ಜಿಯ ಮನೆಯ ಜಾಗದಲ್ಲಿ ತಾರಸಿಯ ಮನೆ. ಹಿಂದೆ ನಮ್ಮದಾಗಿದ್ದ ಗದ್ದೆಯಲ್ಲಿ ಅಡಿಕೆ ತೋಟ. ಅವರ ಮೊಮ್ಮಗ, ಅಂದು ಒಲೆಯ ಸುತ್ತ ಕುಳಿತಿದ್ದ ಏಳು ಮಂದಿಯಲ್ಲಿ ಎಲ್ಲರಿಗಿಂತ ಸಣ್ಣವನು, ಈಗ ಅರುವತ್ತರ ಹತ್ತಿರದ ಯಜಮಾನ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಮದ್ದು ಬಿಡಿಸುತ್ತಿದ್ದರು. ಅಂಗಿಯ ಮೇಲೆಲ್ಲ ನೀಲಿ ಚುಕ್ಕೆ. ಜಗಲಿಯಲ್ಲಿ ಕುಳಿತು ಪುಟ ತೆರೆದು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಅಜ್ಜಿಯ ಹೆಸರು ಬರೆದಲ್ಲಿ ಬೆರಳು ಸ್ವಲ್ಪ ನಿಂತಿತು. ಆಮೇಲೆ ನಕ್ಕು, "ಹಾಗಾದರೆ ಒಂದೂಕಾಲು ಸೇರು ನಿಮ್ಮ ಮನೆಯಿಂದ ನನಗೆ ಬರಬೇಕು. ಅದೇ ಪೊಲಿ ಹಾಕಿದರೆ ಈಗ ಎಷ್ಟಾಯಿತು, ಲೆಕ್ಕದವರು ನೀವೇ ಹೇಳಿ" ಎಂದರು.

ಜೇಬಿನಿಂದ ಪೆನ್ನು ತೆಗೆದು, ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಲೆಕ್ಕ ಹಾಕಿದೆ. ಐವತ್ತೇಳು ವರ್ಷ, ವರ್ಷಕ್ಕೆ ಕಾಲುಪಾಲು. ಸರಳಬಡ್ಡಿಯಾದರೆ ಹತ್ತೊಂಬತ್ತು ಸೇರು. ಚಕ್ರಬಡ್ಡಿಯಾದರೆ ನಾಲ್ಕು ಲಕ್ಷ ಸೇರು ದಾಟುತ್ತದೆ.

"ನಿಮ್ಮ ಮಾವ ಹಾಕುತ್ತಿದ್ದದ್ದು ಯಾವುದು?" ಎಂದು ಕೇಳಿದರು.

ಹಿಂದಿನ ಪುಟಗಳನ್ನು ನೋಡಿದೆ. ಒಂದು ವರ್ಷ ಸಲ್ಲದ ಪೊಲಿಯನ್ನು ಮರುವರ್ಷ ಅಸಲಿಗೆ ಸೇರಿಸಿ ಬರೆದದ್ದು ಹಲವು ಕಡೆ ಇತ್ತು. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಮೋಡ ಕವಿದು ಕೆಲಸದವರು ಕೂಗಿದ್ದರಿಂದ ಎದ್ದು ತೋಟಕ್ಕೆ ಓಡಿದರು. ನಾನು ಹೊರಡುವಾಗ ಅವರ ಹೆಂಡತಿ ನಾಲ್ಕು ಜೀಗುಜ್ಜೆಯನ್ನು ಚೀಲಕ್ಕೆ ಹಾಕಿ ಕೊಟ್ಟರು. "ಮನೆಯಲ್ಲಿ ಕೇನೆಯೂ ಇದೆ, ನೀವು ತಿನ್ನುವುದಿಲ್ಲವಲ್ಲ" ಎಂದರು. ಮುಂದಿನ ವಾರ ಒಂದು ಮುಡಿ ಅಕ್ಕಿ ತೆಗೆದುಕೊಂಡು ಹೋದೆ. ಬಿಳಿಹುಲ್ಲಿನ ಮುಡಿ ಕಟ್ಟಬಲ್ಲವರನ್ನು ಹುಡುಕಲು ಅಶ್ವತ್ಥಪುರದವರೆಗೆ ತಿರುಗಬೇಕಾಯಿತು.